ನಿಮ್ಮ ಖಾತೆಯ ಮಾಹಿತಿ ಕೇಳಿ ಪೊಲೀಸರು ಬರೆದರೆ ಕಂಪನಿ ಏನೇನು ಕೊಡುತ್ತದೆ?

ಪ್ರಶ್ನೆ: ನಮ್ಮೂರಿನ ಕೆರೆ ಒತ್ತುವರಿ ಬಗ್ಗೆ ಬರೆಯಲು ನಾವು ನಾಲ್ಕು ಜನ ಸೇರಿ ಸಾಮಾಜಿಕ ಜಾಲತಾಣವೊಂದರಲ್ಲಿ ಪುಟ ನಡೆಸುತ್ತಿದ್ದೇವೆ. ನಮ್ಮ ಹೆಸರು ಹಾಕಿಕೊಂಡಿಲ್ಲ. ಹೋದ ವಾರ ಆ ಕಂಪನಿಯಿಂದ ಇಮೇಲ್ ಬಂತು: ನಿಮ್ಮ ಖಾತೆಯ ಮಾಹಿತಿ ಕೇಳಿ ಪೊಲೀಸರಿಂದ ಕೋರಿಕೆ ಬಂದಿದೆ ಅಂತ. ಏನು ಕೇಳಿದ್ದಾರೆ, ಏನು ಕೊಟ್ಟಿದ್ದಾರೆ, ಒಂದೂ ಇಲ್ಲ. ನಮ್ಮ ಮೆಸೇಜುಗಳನ್ನೆಲ್ಲ ಓದಿಬಿಟ್ಟರೇ? ನಮ್ಮದೊಂದು ವಾಟ್ಸ್‌ಆ್ಯಪ್ ಗುಂಪೂ ಇದೆ, ಅದೂ ಹೋಯಿತೇ? ಖಾತೆ ಅಳಿಸಿಬಿಡಲೇ? ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರು ನನ್ನ ಹೆಂಡತಿಯ ಹೆಸರಿನಲ್ಲಿದೆ, ಅದೇ ದೊಡ್ಡ ಚಿಂತೆ.
(ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು)

ಉತ್ತರ: ಖಾತೆಯನ್ನು ದಯವಿಟ್ಟು ಅಳಿಸಬೇಡಿ. ಅಳಿಸಿದರೆ ಉಪಯೋಗ ಏನೂ ಇಲ್ಲ, ತೊಂದರೆ ಮಾತ್ರ ಇದೆ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ಪ್ರಕಾರ, ನೀವು ಖಾತೆ ಮುಚ್ಚಿದ ಮೇಲೂ ನೋಂದಣಿಯ ವಿವರಗಳನ್ನು ಕಂಪನಿ 180 ದಿನ ಇಟ್ಟುಕೊಳ್ಳಲೇಬೇಕು. ಪೊಲೀಸರು ಮೊದಲೇ ‘ಕಾಯ್ದಿರಿಸಿ’ ಎಂದು ಕೇಳಿದ್ದರೆ ಆ ಹೊತ್ತಿನ ಖಾತೆಯ ಪ್ರತಿ ಆಗಲೇ ಬೇರೆ ಕಡೆ ಎತ್ತಿಟ್ಟಾಗಿರುತ್ತದೆ. ದೊಡ್ಡ ಅಮೆರಿಕನ್ ಕಂಪನಿಗಳು ಹೀಗೆ ಸಾಮಾನ್ಯವಾಗಿ 90 ದಿನ ಇಡುತ್ತವೆ. ಅಂದರೆ ಅವರ ಹತ್ತಿರ ಇರುವುದು ಹೋಗುವುದಿಲ್ಲ, ಹೋಗುವುದು ನಿಮ್ಮ ಹತ್ತಿರ ಇರುವುದು. ಕೆರೆಯಂಗಳದ ಫೋಟೋ, ಅದನ್ನು ಹಾಕಿದ ದಿನಾಂಕ, ಕೆಳಗೆ ಊರಿನವರು ಬರೆದ ಪ್ರತಿಕ್ರಿಯೆ, ಇವೆಲ್ಲ ನಾಳೆ ನಿಮ್ಮ ಪರವಾಗಿ ನಿಲ್ಲಬೇಕಾದ ಸಾಕ್ಷಿಗಳು. ಅದರ ಮೇಲೆ, ವಿಷಯ ಗೊತ್ತಾದ ಬಳಿಕ ಅಳಿಸಿದರೆ ಸಾಕ್ಷ್ಯನಾಶ ಎಂಬ ಹೊಸ ಆರೋಪವನ್ನು ನೀವೇ ಕರೆದು ತಂದಂತಾಗುತ್ತದೆ.

ಇನ್ನೊಂದನ್ನು ಈಗಲೇ ನೋಡಿಕೊಳ್ಳಿ. ಆ ಇಮೇಲ್ ನಿಜವಾಗಿ ಕಂಪನಿಯದೇ? ‘ನಿಮ್ಮ ಮೇಲೆ ಪೊಲೀಸ್ ಕೋರಿಕೆ ಬಂದಿದೆ, ಇಲ್ಲಿ ಒತ್ತಿ’ ಎಂದು ಪಾಸ್‌ವರ್ಡ್ ಕದಿಯುವವರು ಬೇಕಾದಷ್ಟು ಜನ ಇದ್ದಾರೆ. ಅದರೊಳಗಿನ ಲಿಂಕ್ ಒತ್ತದೆ, ಆ್ಯಪ್ ತೆರೆದು ನಿಮ್ಮ ಖಾತೆಯ ಸಹಾಯ ವಿಭಾಗದಲ್ಲಿ ಅದೇ ಸಂದೇಶ ಇದೆಯೇ ನೋಡಿ. ಕಳುಹಿಸಿದವರ ವಿಳಾಸವನ್ನು ಅಕ್ಷರ ಅಕ್ಷರ ಓದಿ.

ಅಸಲಿಯೇ ಆಗಿದ್ದರೆ, ಇಮೇಲ್ ಬಂದಿದೆ ಎಂಬುದೇ ಒಂದು ಸುಳಿವು.

ನಮ್ಮ ದೇಶದಲ್ಲಿ ಸರ್ಕಾರ ಬಳಕೆದಾರರ ಮಾಹಿತಿ ಕೇಳುವುದಕ್ಕೆ ಮುಖ್ಯವಾಗಿ ಎರಡು ಬಾಗಿಲುಗಳಿವೆ. ಒಂದು, ಠಾಣೆಯ ಬಾಗಿಲು. ಹಿಂದೆ ಸಿಆರ್‌ಪಿಸಿ 91, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 91ನೇ ಸೆಕ್ಷನ್ ಅನ್ನುತ್ತಿದ್ದೆವು. 2024ರ ಜುಲೈ 1ರಿಂದ ಅದು ಹೊಸ ಸಂಹಿತೆಯಾದ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 94. ತನಿಖೆಗೆ ಬೇಕಾದ ದಾಖಲೆ, ಎಲೆಕ್ಟ್ರಾನಿಕ್ ಸಂವಹನ, ಉಪಕರಣ, ಯಾವುದನ್ನಾದರೂ ಹಾಜರುಪಡಿಸಿ ಎಂದು ನ್ಯಾಯಾಲಯ ಸಮನ್ಸ್ ಕೊಡಬಹುದು, ಠಾಣಾಧಿಕಾರಿಯೂ ಲಿಖಿತ ಆದೇಶ ಕೊಡಬಹುದು. ಠಾಣಾಧಿಕಾರಿಯ ಸಹಿ ಸಾಕು, ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕಿಲ್ಲ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗಳಿಂದ ದಿನವೂ ಹೊರಡುವುದು ಇಂಥ ಪತ್ರಗಳೇ. ಇನ್ನೊಂದು, ಐಟಿ ಕಾಯ್ದೆಯ 69ನೇ ಸೆಕ್ಷನ್. ನಡೆಯುತ್ತಿರುವ ಸಂವಹನವನ್ನು ತಡೆದು ಓದಲು, ನಿಗಾ ಇಡಲು, ಗೂಢಲಿಪಿ ಬಿಡಿಸಲು ಇರುವ ಅಧಿಕಾರ ಇದು. ಇದಕ್ಕೆ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು. 2009ರ ನಿಯಮಗಳ ಪ್ರಕಾರ ಒಂದು ಆದೇಶ 60 ದಿನ ನಡೆಯುತ್ತದೆ, ಮುಂದುವರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ಇದನ್ನು ಕಂಪನಿ ಗುಟ್ಟಾಗಿಡಲೇಬೇಕು. ಹಾಗಾಗಿ 69ರ ಅಡಿ ಬಂದಿದ್ದರೆ ನಿಮಗೆ ಇಮೇಲ್ ಬರುತ್ತಲೇ ಇರಲಿಲ್ಲ. ನಿಮ್ಮದು ಬಹುಮಟ್ಟಿಗೆ ಠಾಣೆಯ ಬಾಗಿಲಿನಿಂದ ಹೋದ ಪತ್ರ.

ಫೋನ್ ಕದ್ದಾಲಿಕೆ ಅಂದರೆ ನಮ್ಮಲ್ಲಿ ಹಿರಿಯರಿಗೆ 1988 ನೆನಪಾಗುತ್ತದೆ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದು ಆ ಆರೋಪದ ಮೇಲೆ. ಆದರೆ ಕದ್ದಾಲಿಕೆ ಇಂದಿನಿಂದ ಮುಂದಕ್ಕೆ ಕೇಳುವ ಕೆಲಸ. ಕಂಪನಿಗೆ ಪತ್ರ ಬರೆದು ದಾಖಲೆ ತರಿಸುವುದು ಹಿಂದಕ್ಕೆ ಹೋಗುವ ಕೆಲಸ, ನೀವು ಎರಡು ವರ್ಷದ ಹಿಂದೆ ಎಲ್ಲಿಂದ ಲಾಗಿನ್ ಆಗಿದ್ದಿರಿ ಎಂಬುದು ಕೂಡ ಸಿಗುತ್ತದೆ. ಮುಂದಕ್ಕೆ ಕೇಳಲು ಗೃಹ ಕಾರ್ಯದರ್ಶಿ ಬೇಕು, ಹಿಂದಕ್ಕೆ ನೋಡಲು ಇನ್‌ಸ್ಪೆಕ್ಟರ್ ಸಾಕು. ಈ ಏರುಪೇರು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಆ ತೀರ್ಪಿನ ಬೆಳಕು ಠಾಣೆಯಿಂದ ಹೊರಡುವ ಒಂದು ಪುಟದ ನೋಟಿಸಿನವರೆಗೆ ಇನ್ನೂ ಸರಿಯಾಗಿ ಇಳಿದಿಲ್ಲ.

ಬೆಂಗಳೂರಿನಲ್ಲಿ ಇಂಥ ಪ್ರಕರಣ ನಡೆಸುವ ವಕೀಲನಾಗಿ ಆ ಒಂದು ಪುಟವನ್ನು ನೂರಾರು ಸಲ ಕೈಯಲ್ಲಿ ಹಿಡಿದಿದ್ದೇನೆ. ಮೇಲೆ ಅಪರಾಧ ಸಂಖ್ಯೆ, ಸೆಕ್ಷನ್ನುಗಳು. ಆಮೇಲೆ ಪುಟದ ಲಿಂಕ್. ಕೆಳಗೆ ಬೇಕಾದ್ದರ ಪಟ್ಟಿ: ನೋಂದಣಿಯ ಹೆಸರು, ಮೊಬೈಲ್, ಇಮೇಲ್, ಖಾತೆ ತೆರೆದ ದಿನಾಂಕ, ಇಂಥ ದಿನದಿಂದ ಇಂಥ ದಿನದವರೆಗಿನ ಐಪಿ ಲಾಗ್, ಅಂದರೆ ಯಾವ ಇಂಟರ್ನೆಟ್ ಸಂಪರ್ಕದಿಂದ ಯಾವ ಹೊತ್ತಿಗೆ ಲಾಗಿನ್ ಆಗಿದ್ದಿರಿ ಎಂಬ ದಾಖಲೆ. ಒಳ್ಳೆಯ ತನಿಖಾಧಿಕಾರಿ ಬರೆದದ್ದಾದರೆ ಒಂದು ಪೋಸ್ಟಿನ ಲಿಂಕ್ ಇರುತ್ತದೆ, ಮೂರು ದಿನದ ಅವಧಿ ಇರುತ್ತದೆ. ಹಳೆಯ ಕಡತದಿಂದ ನಕಲಿಳಿಸಿದ್ದಾದರೆ ‘ಸದರಿ ಖಾತೆಗೆ ಸಂಬಂಧಿಸಿದ ಸಮಸ್ತ ಮಾಹಿತಿ’ ಎಂದಿರುತ್ತದೆ, ಅವಧಿಯೇ ಇರುವುದಿಲ್ಲ.

ಕಂಪನಿಯ ಕಡೆ ಈ ಪತ್ರ ಒಂದು ಪೋರ್ಟಲ್ ಮೂಲಕ ಹೋಗುತ್ತದೆ. ಗೂಗಲ್, ಮೆಟಾ (ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳ ಒಡೆತನದ ಕಂಪನಿ) ಎರಡಕ್ಕೂ ಪೊಲೀಸರಿಗೆಂದೇ ಬೇರೆ ಪೋರ್ಟಲ್ ಇದೆ. ಭಾರತದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ವೇದಿಕೆಗಳು ಪೊಲೀಸರ ಜೊತೆ ಹಗಲೂ ರಾತ್ರಿ ಸಂಪರ್ಕದಲ್ಲಿರಲು ಇಲ್ಲೇ ಒಬ್ಬ ನೋಡಲ್ ಅಧಿಕಾರಿಯನ್ನು ಇಡಬೇಕು. ಆದೇಶ ಕೈಸೇರಿದ 72 ಗಂಟೆಯೊಳಗೆ ಮಾಹಿತಿ ಕೊಡಬೇಕು ಎನ್ನುತ್ತದೆ 2021ರ ನಿಯಮ. ಆದರೆ ಅದೇ ನಿಯಮ, ಆದೇಶ ಬರಹದಲ್ಲಿರಬೇಕು, ಯಾವ ಉದ್ದೇಶಕ್ಕೆ ಎಂದು ಸ್ಪಷ್ಟವಾಗಿ ಹೇಳಬೇಕು ಎಂದೂ ಹೇಳುತ್ತದೆ. ಕಂಪನಿಯ ಕಾನೂನು ವಿಭಾಗ ನೋಡುವುದು ಅದನ್ನೇ. ಸರ್ಕಾರಿ ಇಮೇಲಿನಿಂದ ಬಂದಿದೆಯೇ, ಸೆಕ್ಷನ್ ಇದೆಯೇ, ಸಹಿ ಮಾಡಿದವರಿಗೆ ಅಧಿಕಾರ ಇದೆಯೇ, ಕೇಳಿದ್ದು ಪ್ರಕರಣಕ್ಕಿಂತ ಹೆಚ್ಚಾಯಿತೇ. ಹೆಚ್ಚಾಗಿದ್ದರೆ ‘ಅವಧಿ ಹೇಳಿ, ಪೋಸ್ಟ್ ಯಾವುದು ಹೇಳಿ’ ಎಂದು ವಾಪಸ್ ಬರೆಯುತ್ತಾರೆ, ಅಥವಾ ಅಷ್ಟನ್ನು ಬಿಟ್ಟು ಉಳಿದದ್ದನ್ನು ಕೊಡುತ್ತಾರೆ.

ಎಲ್ಲ ಕೋರಿಕೆಗೂ ‘ಆಗಲಿ’ ಅನ್ನುವುದಿಲ್ಲ ಎಂಬುದಕ್ಕೆ ಅವರದೇ ಅಂಕಿಗಳಿವೆ. ಇಂಥ ಲೆಕ್ಕ ಪ್ರಕಟಿಸುವ ಪದ್ಧತಿಯನ್ನು 2010ರಲ್ಲಿ ಶುರುಮಾಡಿದ್ದು ಗೂಗಲ್. ಫೇಸ್‌ಬುಕ್ 2013ರ ಮೊದಲ ಆರು ತಿಂಗಳಿಗೆ ಕೊಟ್ಟ ತನ್ನ ಮೊದಲ ಲೆಕ್ಕದಲ್ಲಿ ಭಾರತದಿಂದ 3,245 ಕೋರಿಕೆಗಳಿದ್ದವು, 4,144 ಖಾತೆಗಳ ಬಗ್ಗೆ. ಏನಾದರೂ ಮಾಹಿತಿ ಕೊಟ್ಟದ್ದು ಅರ್ಧದಷ್ಟಕ್ಕೆ. ಆಗಲೇ ನಾವು ಅಮೆರಿಕದ ನಂತರದ ಸ್ಥಾನದಲ್ಲಿದ್ದೆವು. ಅಲ್ಲಿಂದೀಚೆಗೆ ಕೋರಿಕೆಗಳು ಹಲವು ಪಟ್ಟು ಬೆಳೆದಿವೆ. ನಾನು ಕೊರಗುವುದು ಬೇರೆ ವಿಷಯಕ್ಕೆ: ಈ ಲೆಕ್ಕ ಕೊಡುತ್ತಿರುವುದು ಕಂಪನಿಗಳು. ಕೇಳಿದವರು, ಅಂದರೆ ನಮ್ಮ ತೆರಿಗೆಯಲ್ಲಿ ನಡೆಯುವ ಇಲಾಖೆಗಳು, ‘ಈ ವರ್ಷ ಇಷ್ಟು ಖಾತೆಗಳ ಮಾಹಿತಿ ಕೇಳಿದೆವು, ಇಷ್ಟು ಪ್ರಕರಣಗಳಲ್ಲಿ ಆರೋಪಪಟ್ಟಿ ಸಲ್ಲಿಸಿದೆವು’ ಎಂದು ಜಿಲ್ಲಾವಾರು ಹೇಳಬೇಕಿತ್ತು.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಮೆಸೇಜು ಓದಿದರೇ?

ನಿಮ್ಮ ವೇದಿಕೆ ಅಮೆರಿಕದ್ದಾದರೆ, ಠಾಣೆಯ ಪತ್ರಕ್ಕೆ ಇನ್‌ಬಾಕ್ಸ್ ತೆರೆದುಕೊಡಲಾಗದು. ಅಲ್ಲಿ 1986ರ ಒಂದು ಕಾಯ್ದೆ ಇದೆ. ಸಂದೇಶದ ಒಡಲನ್ನು ಕೊಡಬೇಕಾದರೆ ಅಮೆರಿಕದ ನ್ಯಾಯಾಲಯದ ವಾರಂಟ್ ಬೇಕು. ಹೆಸರು, ನಂಬರು, ಐಪಿ ವಿಳಾಸಗಳಂಥ ಹೊರಗಿನ ವಿವರಗಳನ್ನು ಬೇರೆ ದೇಶದ ಪೊಲೀಸರಿಗೆ ಕೊಡಲು ಅಡ್ಡಿಯಿಲ್ಲ. ಪೋಸ್ಟ್‌ಕಾರ್ಡ್ ಅಲ್ಲ, ಅಂಟಿಸಿದ ಲಕೋಟೆ ಅಂದುಕೊಳ್ಳಿ. ಲಕೋಟೆಯ ಮೇಲಿನದ್ದು ಇಲ್ಲಿಯ ಪತ್ರಕ್ಕೆ ಸಿಗುತ್ತದೆ, ಒಳಗಿನ ಕಾಗದಕ್ಕೆ ಎರಡು ದೇಶಗಳ ನಡುವಿನ ಒಪ್ಪಂದದ ದಾರಿ ಹಿಡಿಯಬೇಕು. ಭಾರತ ಮತ್ತು ಅಮೆರಿಕ 2001ರಲ್ಲಿ ಸಹಿ ಮಾಡಿದ, 2005ರಲ್ಲಿ ಜಾರಿಗೆ ಬಂದ ಒಪ್ಪಂದ ಅದು. ಗೃಹ ಸಚಿವಾಲಯದಿಂದ ಅಮೆರಿಕದ ನ್ಯಾಯ ಇಲಾಖೆಗೆ, ಅಲ್ಲಿಂದ ಅಲ್ಲಿಯ ನ್ಯಾಯಾಲಯಕ್ಕೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಮಗುವಿನ ಮೇಲಿನ ದೌರ್ಜನ್ಯದ ಪ್ರಕರಣದಲ್ಲೂ ಈ ಕಡತ ಎಲ್ಲೋ ಕೂತಿರುವಾಗ ತನಿಖಾಧಿಕಾರಿಗಳು ಪಡುವ ಸಂಕಟವನ್ನು ಹತ್ತಿರದಿಂದ ನೋಡಿದ್ದೇನೆ, ಅದು ಸುಳ್ಳಲ್ಲ. ಈ ದಾರಿಯನ್ನು ಚುರುಕು ಮಾಡಲು ಅಮೆರಿಕ 2018ರಲ್ಲಿ ಕ್ಲೌಡ್ ಕಾಯ್ದೆ ತಂದು ಬ್ರಿಟನ್, ಆಸ್ಟ್ರೇಲಿಯಾ ಜೊತೆ ನೇರ ಒಪ್ಪಂದ ಮಾಡಿಕೊಂಡಿತು. ಭಾರತ ಆ ಪಟ್ಟಿಯಲ್ಲಿಲ್ಲ.

ಪ್ರಾಣಾಪಾಯ ಇದ್ದಾಗ ಮಾತ್ರ ಕಂಪನಿಗಳು ಇಷ್ಟೆಲ್ಲ ಕಾಯದೆ ತುರ್ತು ಕೋರಿಕೆಯ ಮೇಲೆ ಕೊಡುತ್ತವೆ. ಬೇಕಾದದ್ದೇ. ಆದರೆ ತರಾತುರಿಯಲ್ಲಿ ಮೋಸವೂ ನಡೆದಿದೆ. 2021ರಲ್ಲಿ ವಂಚಕರು ಪೊಲೀಸರ ಹೆಸರಿನಲ್ಲಿ ಖೊಟ್ಟಿ ತುರ್ತು ಕೋರಿಕೆ ಕಳುಹಿಸಿ ಆ್ಯಪಲ್, ಮೆಟಾ ಎರಡರಿಂದಲೂ ಬಳಕೆದಾರರ ವಿಳಾಸ, ಫೋನ್ ನಂಬರು ಪಡೆದಿದ್ದರು ಎಂಬುದು ಮರುವರ್ಷ ಹೊರಬಿತ್ತು.

ಮೇಲೆ ಹೇಳಿದ ಅಮೆರಿಕದ ತಡೆ ಬೆಂಗಳೂರಿನ ಶೇರ್‌ಚಾಟ್‌ನಂಥ ಸ್ವದೇಶಿ ವೇದಿಕೆಗಳಿಗೆ ಇಲ್ಲ. ಅಲ್ಲಿ ಇಲ್ಲಿಯ ಕಾನೂನೇ ಮೊದಲು, ಇಲ್ಲಿಯ ಕಾನೂನೇ ಕೊನೆ.

ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆ. ಸಂದೇಶಗಳು 2016ರಿಂದ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಗೂಢಲಿಪಿಯಲ್ಲಿವೆ. ಕಂಪನಿ ಬಯಸಿದರೂ ಓದಿ ಕೊಡಲಾಗದು. ಕೊಡಬಹುದಾದದ್ದು ಖಾತೆ ಶುರುವಾದ ದಿನ, ಕೊನೆಗೆ ಕಂಡ ಹೊತ್ತು, ಐಪಿ ವಿಳಾಸ, ಫೋನಿನ ಬಗೆ, ಪ್ರೊಫೈಲ್ ಫೋಟೋ, ಗುಂಪಿನ ವಿವರ ಇಂಥವು. ಸಂದೇಶವೊಂದನ್ನು ಮೊದಲು ಹುಟ್ಟುಹಾಕಿದವರು ಯಾರೆಂದು ಹೇಳಲೇಬೇಕು ಎಂಬ 2021ರ ನಿಯಮವನ್ನು ವಾಟ್ಸ್‌ಆ್ಯಪ್ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ಗೂಢಲಿಪಿ ಮುರಿಯಿರಿ ಎಂದರೆ ಈ ದೇಶದಲ್ಲಿ ವಾಟ್ಸ್‌ಆ್ಯಪ್ ಇರಲಾಗದು ಎಂದು ಅದರ ವಕೀಲರು 2024ರ ಏಪ್ರಿಲಿನಲ್ಲಿ ನ್ಯಾಯಾಲಯಕ್ಕೇ ಹೇಳಿದರು. ಈ ವಾದದಲ್ಲಿ ನಾನು ಕಂಪನಿಯ ಕಡೆ. ಒಬ್ಬ ಕಿಡಿಗೇಡಿಯನ್ನು ಹುಡುಕಲು ಎಲ್ಲರ ಪ್ರತಿ ಸಂದೇಶಕ್ಕೂ ಗುರುತು ಹಾಕಿಡುವುದು, ಒಂದು ಮನೆಯ ಕಳ್ಳನಿಗಾಗಿ ಊರಿನ ಬೀಗಗಳನ್ನೆಲ್ಲ ತೆಗೆಸಿದಂತೆ.

ಆದರೂ ನಿಶ್ಚಿಂತರಾಗಬೇಡಿ. ವಾಟ್ಸ್‌ಆ್ಯಪ್ ಬ್ಯಾಕಪ್ಪಿಗೆ ಆ ಗೂಢಲಿಪಿ ತಾನಾಗಿ ಇರುವುದಿಲ್ಲ, ಸೆಟ್ಟಿಂಗಿನಲ್ಲಿ ನೀವೇ ಹಾಕಬೇಕು. ಟೆಲಿಗ್ರಾಂನಲ್ಲಿ ‘ಸೀಕ್ರೆಟ್ ಚಾಟ್’ ಬಿಟ್ಟರೆ ಉಳಿದ ಚಾಟುಗಳಿಗೆ ತುದಿಯಿಂದ ತುದಿಯ ಗೂಢಲಿಪಿ ಇಲ್ಲವೇ ಇಲ್ಲ. ಅದರ ಸ್ಥಾಪಕ ಪಾವೆಲ್ ದುರೊವ್ 2024ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಬಂಧನವಾದ ಮರು ತಿಂಗಳೇ, ಕಾನೂನುಬದ್ಧ ಕೋರಿಕೆ ಬಂದರೆ ನಿಯಮ ಮುರಿದವರ ಐಪಿ ಮತ್ತು ಫೋನ್ ನಂಬರು ಕೊಡುತ್ತೇವೆ ಎಂದು ಟೆಲಿಗ್ರಾಂ ಸಾರಿತು. ಸಿಗ್ನಲ್ ಮಾತ್ರ ಬೇರೆ ರೀತಿ. 2016ರಲ್ಲಿ ಅಮೆರಿಕದ ಸಮನ್ಸ್ ಬಂದಾಗ ಅದು ಕೊಡಲು ಸಾಧ್ಯವಾದದ್ದು ಎರಡೇ: ಖಾತೆ ತೆರೆದ ಹೊತ್ತು, ಕೊನೆಯ ಬಾರಿ ಸಂಪರ್ಕಿಸಿದ ದಿನ. ಉಳಿದದ್ದನ್ನು ಅದು ಇಟ್ಟುಕೊಂಡೇ ಇರಲಿಲ್ಲ. ಇಟ್ಟುಕೊಳ್ಳದ ಮಾಹಿತಿಯನ್ನು ಯಾವ ಆದೇಶವೂ ಹೊರತೆಗೆಯಲಾರದು.

ನಾನು ನೋಡಿದ ಪ್ರಕರಣಗಳಲ್ಲಿ ಚಾಟುಗಳು ಹೊರಬಿದ್ದದ್ದು ಹೆಚ್ಚಾಗಿ ಕಂಪನಿಯಿಂದಲ್ಲ, ಗುಂಪಿನಲ್ಲಿದ್ದ ಒಬ್ಬರ ಫೋನಿನಿಂದ. ‘ಸ್ವಲ್ಪ ಫೋನ್ ಕೊಡಿ, ಲಾಕ್ ತೆಗೀರಿ’ ಎಂದಾಗ ಗಾಬರಿಯಲ್ಲಿ ಕೊಟ್ಟುಬಿಡುತ್ತಾರೆ. ಫೋನಿನ ಪಾಸ್‌ವರ್ಡ್ ಮತ್ತು ಶೋಧನೆಯ ವಿಷಯದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ 2021ರ ಮಾರ್ಚಿನಲ್ಲಿ ಒಂದು ವಿವರವಾದ ತೀರ್ಪು ಕೊಟ್ಟಿದ್ದಾರೆ. ಫೋನ್ ಕೇಳಿದರೆ, ವಶಪಡಿಸಿಕೊಳ್ಳುವ ಮಹಜರಿನ ಪ್ರತಿ ಕೊಡಿ ಎಂದು ಮರ್ಯಾದೆಯಿಂದ ಕೇಳಿ, ಪಾಸ್‌ವರ್ಡಿನ ವಿಷಯವನ್ನು ವಕೀಲರ ಜೊತೆ ಮಾತಾಡಿ ಹೇಳುತ್ತೇನೆ ಅನ್ನಿ.

ಈಗ ಐಪಿ ಲಾಗ್. ಎಲ್ಲರೂ ಮೆಸೇಜಿನ ಬಗ್ಗೆ ಹೆದರುತ್ತಾರೆ, ನಾನು ಹೆದರುವುದು ಇದಕ್ಕೆ.

ಕಂಪನಿ ಕೊಡುವ ಲಾಗಿನಲ್ಲಿ ಒಂದು ಸಾಲು ಹೀಗಿರುತ್ತದೆ: ಒಂದು ಐಪಿ ವಿಳಾಸ, ಪಕ್ಕದಲ್ಲಿ ದಿನಾಂಕ, 14:42:10, ಯುಟಿಸಿ. ಯುಟಿಸಿ ಅಂದರೆ ಜಾಗತಿಕ ಮಾನಕ ಸಮಯ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಹಾಗಾಗಿ ನಮ್ಮಲ್ಲಿ ಆಗ ರಾತ್ರಿ 8 ಗಂಟೆ 12 ನಿಮಿಷ. ಠಾಣೆಯ ರೈಟರು ಅದನ್ನೇ ಮಧ್ಯಾಹ್ನ 2:42 ಎಂದು ಬರೆದು ಮೊಬೈಲ್ ಕಂಪನಿಗೆ ಕಳುಹಿಸಿದರೆ, ಮಧ್ಯಾಹ್ನ ಆ ಐಪಿ ಯಾರ ಬಳಿ ಇತ್ತೋ ಅವರ ಹೆಸರು ಬರುತ್ತದೆ. ಪೋಸ್ಟ್ ಹಾಕಿದವರು ಒಬ್ಬರು, ಠಾಣೆಗೆ ಬರುವವರು ಇನ್ನೊಬ್ಬರು. ಸಮಯ ಸರಿಯಾಗಿ ಬರೆದರೂ ಕಷ್ಟ ಮುಗಿಯಲಿಲ್ಲ. ಮೊಬೈಲ್ ಇಂಟರ್ನೆಟ್ಟಿನಲ್ಲಿ ಒಂದೇ ಐಪಿಯನ್ನು ಒಂದೇ ಕ್ಷಣದಲ್ಲಿ ಎಷ್ಟೋ ಜನ ಹಂಚಿಕೊಂಡಿರುತ್ತಾರೆ. ಅವರನ್ನು ಬೇರ್ಪಡಿಸಲು ಪೋರ್ಟ್ ಸಂಖ್ಯೆ ಬೇಕು, ಅದು ಎಷ್ಟೋ ಲಾಗುಗಳಲ್ಲಿ ಇರುವುದೇ ಇಲ್ಲ.

ಇದು ಊಹೆಯ ಭಯವಲ್ಲ. 2007ರ ಆಗಸ್ಟಿನಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಮನೆಗೆ ಪುಣೆ ಪೊಲೀಸರು ಬಂದರು. ಆಗಿನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ಶಿವಾಜಿಗೆ ಅವಮಾನ ಮಾಡುವ ಚಿತ್ರ ಹಾಕಿದ ಆರೋಪ. ಇಂಟರ್ನೆಟ್ ಸೇವೆ ಕೊಡುವ ಕಂಪನಿ ಆ ಐಪಿಗೆ ಕೊಟ್ಟ ಗ್ರಾಹಕನ ಹೆಸರೇ ತಪ್ಪಾಗಿತ್ತು. ತಪ್ಪು ಬೆಳಕಿಗೆ ಬಂದು ಆತ ಹೊರಬರುವ ಹೊತ್ತಿಗೆ ಯೆರವಾಡ ಜೈಲಿನಲ್ಲಿ 50 ದಿನ ಕಳೆದಾಗಿತ್ತು. ಆತ ಆ ಪೋಸ್ಟನ್ನು ಹಾಕಿರಲೇ ಇಲ್ಲ. ಇಂಥ ಪ್ರಕರಣ ನನ್ನ ಬಳಿ ಬಂದಾಗಲೆಲ್ಲ ನಾನು ಮೊದಲು ಕೇಳುವುದು ಆ ಲಾಗಿನ ಪ್ರತಿ, ಮೊದಲು ನೋಡುವುದು ಗಡಿಯಾರ.

ನೀವು ಮಾಡಬೇಕಾದ್ದು ಹೆಚ್ಚೇನಿಲ್ಲ. ಆ ಇಮೇಲಿಗೆ ಉತ್ತರ ಬರೆದು ಯಾವ ಠಾಣೆ, ಯಾವ ಅಪರಾಧ ಸಂಖ್ಯೆ, ಕೋರಿಕೆಯ ಪ್ರತಿ ಕೊಡುತ್ತೀರಾ ಎಂದು ಕೇಳಿ. ಮಾಹಿತಿ ಇನ್ನೂ ಕೊಟ್ಟಿಲ್ಲವಾದರೆ, ಹೈಕೋರ್ಟಿಗೆ ಹೋಗಲು ಕೆಲವು ದಿನ ಕಾಯಿರಿ ಎಂದು ಕೇಳುವುದಕ್ಕೂ ಅವಕಾಶವಿದೆ. ಅಪರಾಧ ಸಂಖ್ಯೆ ಸಿಕ್ಕರೆ ಎಫ್‌ಐಆರ್ ಹುಡುಕಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ.

ಎಫ್‌ಐಆರ್ ಸಿಕ್ಕಿದ ಕೂಡಲೇ ಸೆಕ್ಷನ್ ನೋಡಿ. ಒತ್ತುವರಿ ಮಾಡಿದವರು ಕೊಟ್ಟ ದೂರು ಬರೀ ಮಾನನಷ್ಟದ್ದಾಗಿದ್ದರೆ, ಅದು ಪೊಲೀಸರು ತಾವಾಗಿ ತನಿಖೆ ಮಾಡಬಹುದಾದ ಅಪರಾಧವೇ ಅಲ್ಲ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಅನುಮತಿ ಇಲ್ಲದೆ ಕಂಪನಿಗೆ ಪತ್ರ ಹೋಗಿದ್ದರೆ ಅದನ್ನು ಪ್ರಶ್ನಿಸಲು ಗಟ್ಟಿ ಆಧಾರ ಇದೆ. ಐಟಿ ಕಾಯ್ದೆಯ 66ಎ ಎಂದು ಎಲ್ಲಾದರೂ ಕಂಡರೆ, ಆ ಸೆಕ್ಷನ್ 2015ರ ಮಾರ್ಚಿನಲ್ಲೇ ರದ್ದಾಗಿದೆ. ಹೆಸರು ಹಾಕದೆ ಬರೆಯುವುದು ತಾನಾಗಿ ಅಪರಾಧವಲ್ಲ, ಕೆರೆಯ ಬಗ್ಗೆ ಬರೆಯುವುದಂತೂ ಅಲ್ಲ. ಪಹಣಿ, ಸರ್ವೆ ನಕ್ಷೆ, ತಹಶೀಲ್ದಾರರಿಗೆ ಕೊಟ್ಟ ಅರ್ಜಿಯ ಸ್ವೀಕೃತಿ, ಎಲ್ಲವನ್ನೂ ಒಂದು ಕಡತದಲ್ಲಿ ಜೋಡಿಸಿಡಿ.

ಕೊನೆಯದಾಗಿ ನಿಮ್ಮ ಮನೆಯವರ ನಂಬರು. ಕಂಪನಿ ಕೊಡುವ ಮೊದಲ ಸಾಲಿನಲ್ಲೇ ಅದು ಇರುತ್ತದೆ. ಪೊಲೀಸರು ಅದನ್ನು ಮೊಬೈಲ್ ಕಂಪನಿಗೆ ಕೊಟ್ಟರೆ ಸಿಮ್ ಅರ್ಜಿಯಲ್ಲಿರುವ ಹೆಸರು, ವಿಳಾಸ ಬರುತ್ತದೆ. ಆದ್ದರಿಂದ ಮೊದಲ ಫೋನ್ ಕರೆ ಅವರಿಗೇ ಬರಬಹುದು. ಸಿಮ್ ಅವರ ಹೆಸರಿನಲ್ಲಿದೆ ಎಂದ ಮಾತ್ರಕ್ಕೆ ಬರೆದವರು ಅವರೇ ಎಂದಾಗುವುದಿಲ್ಲ. ಸಾಕ್ಷಿಯಾಗಿ ವಿಚಾರಿಸಬೇಕಿದ್ದರೆ ಬಿಎನ್‌ಎಸ್‌ಎಸ್ 179ರ ಅಡಿ ಲಿಖಿತ ನೋಟಿಸ್ ಕೊಡಬೇಕು, ಮತ್ತು ಹೆಣ್ಣುಮಕ್ಕಳನ್ನು ಅವರು ವಾಸಿಸುವ ಮನೆ ಬಿಟ್ಟು ಬೇರೆಡೆಗೆ ಬರಲು ಒತ್ತಾಯಿಸುವಂತಿಲ್ಲ. ತಾವಾಗಿ ಒಪ್ಪಿದರೆ ಮಾತ್ರ ಠಾಣೆಗೆ ಹೋಗಬಹುದು. ಫೋನಿನಲ್ಲಿ ‘ನಾಳೆ ಬೆಳಗ್ಗೆ ಬನ್ನಿ’ ಎಂದರೆ, ನೋಟಿಸ್ ಕಳುಹಿಸಿ, ಮನೆಯಲ್ಲೇ ಇರುತ್ತೇನೆ ಎಂದು ಹೇಳಿದರೆ ಸಾಕು. ಇದನ್ನು ಅವರಿಗೆ ಇವತ್ತೇ, ಕೂರಿಸಿಕೊಂಡು ಹೇಳಿ. ಪುಟದಲ್ಲಿ ನೀವು ಏನು ಬರೆಯುತ್ತಿದ್ದೀರಿ, ತಮ್ಮ ನಂಬರು ಅದಕ್ಕೆ ಏಕೆ ಸೇರಿಕೊಂಡಿದೆ ಎಂಬುದು ಅವರಿಗೆ ಪೊಲೀಸರ ಬಾಯಿಂದ ಮೊದಲು ತಿಳಿಯಬಾರದು.